ಕಾರ್ಡು ಹಿಡಿದು ಕಾದಾಡುವುದು: ‘ಚೈನ್ ಆಫ್ ಮೆಮೊರೀಸ್’ ಕಾಳಗ ನನಗೆ ಅರ್ಥವಾದ ಬಗೆ

‘ಕಿಂಗ್‌ಡಮ್ ಹಾರ್ಟ್ಸ್: ಚೈನ್ ಆಫ್ ಮೆಮೊರೀಸ್’ 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗಾಗಿ ಬಂದ ಆಟ. ಸ್ಕ್ವೇರ್ ಎನಿಕ್ಸ್‌ಗಾಗಿ ಜುಪಿಟರ್ ಸಂಸ್ಥೆ ರೂಪಿಸಿದ ಈ ಆಟ, ಪ್ಲೇಸ್ಟೇಷನ್ 2ರಲ್ಲಿ 2002ರಲ್ಲಿ ಬಂದಿದ್ದ ಮೊದಲ ಕಂತಿನ ಕಥೆಯನ್ನು ಮುಂದುವರಿಸುತ್ತದೆಯಾದರೂ ಅದರ ಕಾಳಗದ ಪದ್ಧತಿಯನ್ನು ಮುಂದುವರಿಸುವುದಿಲ್ಲ. ಅಲ್ಲಿ ಬಟನ್ ಒತ್ತಿದಷ್ಟು ಸಲ ನಾಯಕ ಸೋರಾ ಕತ್ತಿ ಬೀಸುತ್ತಿದ್ದ. ಇಲ್ಲಿ ಪ್ರತಿಯೊಂದು ಬೀಸಿಗೂ ಒಂದು ಕಾರ್ಡು ಖರ್ಚಾಗುತ್ತದೆ. ಹೊಡೆತ, ಮಂತ್ರ, ಚಿಕಿತ್ಸೆ, ನೆರವಿಗೆ ಬರುವ ಗೆಳೆಯರು, ಎಲ್ಲವೂ ಕಾರ್ಡುಗಳೇ. ಹಾಗೆಂದು ಇದು ಸರದಿಯ ಪ್ರಕಾರ ನಿಧಾನವಾಗಿ ಆಡುವ ಕಾರ್ಡಾಟವೂ ಅಲ್ಲ: ಶತ್ರುಗಳು ಎಡಬಿಡದೆ ಓಡಾಡುತ್ತಿರುತ್ತಾರೆ, ನಾವೂ ಓಡಾಡುತ್ತ, ಹಾರುತ್ತ, ಅದೇ ಹೊತ್ತಿನಲ್ಲಿ ಎಲ್ ಮತ್ತು ಆರ್ ಬಟನ್‌ಗಳಿಂದ ಡೆಕ್ಕನ್ನು, ಅಂದರೆ ಕಾಳಗಕ್ಕೆಂದು ಜೋಡಿಸಿಟ್ಟ ಕಾರ್ಡುಗಳ ಸಾಲನ್ನು, ಹಿಂದೆ ಮುಂದೆ ಸರಿಸಿ ಬೇಕಾದ ಕಾರ್ಡನ್ನು ಹುಡುಕಬೇಕು. ಕಣ್ಣು ಎಲ್ಲಿಡಬೇಕೆಂಬುದೇ ಇಲ್ಲಿನ ಮೊದಲ ಗೊಂದಲ.

ಆಟ ತನ್ನ ನಿಯಮಗಳನ್ನು ಬಚ್ಚಿಡುವುದಿಲ್ಲ. ಆರಂಭದಲ್ಲೇ ಒಂದಾದ ಮೇಲೊಂದರಂತೆ ವಿವರಣೆಯ ಪರದೆಗಳನ್ನು ತೋರಿಸುತ್ತದೆ. ಆದರೆ ಬಳಕೆಗೆ ಬರುವ ಮುನ್ನವೇ ಹೇಳಿದ ನಿಯಮ ತಲೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ, ನಾನು ಆ ವಿವರಣೆಗಳನ್ನು ಬದಿಗಿಟ್ಟು, ಆಟ ನಡೆಯುವ ಕೋಟೆಯ ಮೊದಲ ಮಹಡಿಯಲ್ಲಿ ಸಿಗುವ ಅತ್ಯಂತ ದುರ್ಬಲ ಶತ್ರುಗಳಾದ ‘ಶ್ಯಾಡೋ’ಗಳ ಜೊತೆ ಒಂದು ಸಲಕ್ಕೆ ಒಂದೇ ನಿಯಮವನ್ನು ಪರೀಕ್ಷಿಸುತ್ತ ಹೋದೆ. ಅವುಗಳ ಹೊಡೆತದಿಂದ ಆಗುವ ನಷ್ಟ ತೀರಾ ಕಡಿಮೆ. ಆದ್ದರಿಂದ ಗೆಲ್ಲುವ ಅವಸರವಿಲ್ಲದೆ, ಈ ಕಾರ್ಡು ಹಾಕಿದರೆ ಏನಾಗುತ್ತದೆ ಎಂಬುದನ್ನಷ್ಟೇ ನೋಡುತ್ತ ಕೂರಬಹುದು.

ಮೊದಲು ಪರೀಕ್ಷಿಸಿದ್ದು ಕಾರ್ಡಿನ ಮೇಲಿರುವ ಅಂಕಿಯನ್ನು. ಪ್ರತಿ ಕಾರ್ಡಿಗೂ 0ಯಿಂದ 9ರವರೆಗೆ ಒಂದು ಬೆಲೆ ಇರುತ್ತದೆ. ಶತ್ರು 4ರ ಕಾರ್ಡು ಹಾಕಿ ಹೊಡೆಯಲು ಬರುತ್ತಿರುವಾಗ ನಾವು 5 ಅಥವಾ ಅದಕ್ಕಿಂತ ಹೆಚ್ಚಿನ ಕಾರ್ಡು ಹಾಕಿದರೆ ಅವನ ಹೊಡೆತ ಅಲ್ಲಿಗೇ ಮುರಿದುಬೀಳುತ್ತದೆ, ಅವನು ಕ್ಷಣಕಾಲ ತತ್ತರಿಸಿ ನಿಲ್ಲುತ್ತಾನೆ, ನಮ್ಮ ಹೊಡೆತ ಮುಂದುವರಿಯುತ್ತದೆ. ಇದೇ ಕಾರ್ಡ್ ಬ್ರೇಕ್. ಎರಡೂ ಅಂಕಿ ಸಮವಾದರೆ ಎರಡೂ ರದ್ದು. ಇಷ್ಟನ್ನು ಯಾರಾದರೂ ಬೇಗ ಹಿಡಿಯುತ್ತಾರೆ. ಆದರೆ ಇದರಿಂದ ಹೊರಡುವ ಒಂದು ಪರಿಣಾಮ ಮಾತ್ರ ಆಡುತ್ತ ಆಡುತ್ತಲೇ ಮೈಗೂಡಬೇಕು: ಎರಡನೆಯದಾಗಿ ಕಾರ್ಡು ಹಾಕುವವನಿಗೇ ಯಾವಾಗಲೂ ಲಾಭ. ಮೊದಲು ಹಾಕಿದವನ ಅಂಕಿ ಬಯಲಾಗಿರುತ್ತದೆ, ಆಮೇಲೆ ಹಾಕುವವನು ಅದಕ್ಕಿಂತ ಒಂದೇ ಒಂದು ಹೆಚ್ಚಿನದನ್ನು ಹಾಕಿದರೂ ಸಾಕು. ಹೀಗಾಗಿ ಕಣ್ಣಿಗೆ ಬಿದ್ದ ಶತ್ರುವಿನ ಮೇಲೆ ಎರಗುವ ಬದಲು, ಅವನು ಕಾರ್ಡು ತೆಗೆಯುವವರೆಗೆ ಸ್ವಲ್ಪ ದೂರದಲ್ಲಿ ಸುಳಿದಾಡುವುದನ್ನು ರೂಢಿಸಿಕೊಂಡೆ. ಶತ್ರುವಿನ ಮೈಯ ಚಲನೆಗಿಂತ ಅವನು ಹಾಕಿದ ಅಂಕಿಯನ್ನು ಮೊದಲು ನೋಡುವುದು ಅಭ್ಯಾಸವಾದ ಮೇಲೆ ಕಣ್ಣು ಎಲ್ಲಿಡಬೇಕೆಂಬ ಗೊಂದಲ ಬಹುಮಟ್ಟಿಗೆ ತೀರಿತು.

ಸೊನ್ನೆಯ ಕಾರ್ಡು ಈ ಲೆಕ್ಕದ ತುತ್ತತುದಿ. ಮೊದಲು ಹಾಕಿದರೆ ಅದರಷ್ಟು ಬಡಪಾಯಿ ಇನ್ನೊಂದಿಲ್ಲ. ಯಾವ ಕಾರ್ಡು ಬೇಕಾದರೂ ಅದನ್ನು ಮುರಿಯಬಲ್ಲದು. ಆದರೆ ಎದುರಾಳಿಯ ಕಾರ್ಡು ಆಗಲೇ ಬಿದ್ದಿದ್ದರೆ ಅದು 9 ಆಗಿರಲಿ, ಮೂರು ಕಾರ್ಡು ಕೂಡಿಸಿ ಹಾಕಿದ ದೊಡ್ಡ ಮೊತ್ತವೇ ಆಗಿರಲಿ, ಸೊನ್ನೆ ಅದನ್ನು ಮುರಿದು ಹಾಕುತ್ತದೆ. ಇಸ್ಪೀಟಿನಲ್ಲಿ ತುರುಫಿನ ಎಲೆಯನ್ನು ಕೊನೆಯವರೆಗೆ ಕೈಯಲ್ಲಿಟ್ಟುಕೊಳ್ಳುವವನ ತಾಳ್ಮೆ ಇದಕ್ಕೂ ಬೇಕು. ಮೊದಲ ಮಹಡಿ ಮುಗಿಸಿ ಹೊರಬರುತ್ತಿದ್ದಂತೆ ಎದುರಾಗುವ ಬಾಸ್ (ಪ್ರಬಲ ಶತ್ರು) ಆಕ್ಸೆಲ್ ಬೆಂಕಿಯ ಕಾರ್ಡುಗಳನ್ನು ಕೂಡಿಸಿ ಹಾಕುವ ದಾಳಿಗೆ ನನ್ನ ಆಗಿನ ಡೆಕ್ಕಿನಲ್ಲಿದ್ದ ಯಾವ ಬಿಡಿ ಕಾರ್ಡೂ ಸಾಟಿಯಾಗಿರಲಿಲ್ಲ. ಆ ಕಾಳಗದಲ್ಲಿ ಸೊನ್ನೆಯ ಕಾರ್ಡನ್ನು ಡೆಕ್ಕಿನ ಕೊನೆಯ ಸ್ಥಾನದಲ್ಲಿಟ್ಟೆ. ಕಾರ್ಡುಗಳು ಮುಂದಿನಿಂದ ಖರ್ಚಾಗುತ್ತ ಹೋಗುವುದರಿಂದ ಕೊನೆಯಲ್ಲಿರುವುದು ತಾನಾಗಿ ಬಳಕೆಯಾಗಿಬಿಡುವ ಭಯವಿಲ್ಲ, ಡೆಕ್ ಸುತ್ತು ಹೊಡೆಯುವುದರಿಂದ ಹಿಮ್ಮುಖವಾಗಿ ಸರಿಸಿದರೆ ತಕ್ಷಣ ಕೈಗೆ ಸಿಗುತ್ತದೆ. ನಡುವೆ ಎಲ್ಲೋ ಹುದುಗಿರುವ ಸೊನ್ನೆಯನ್ನು ಬೆಂಕಿಯ ಮಧ್ಯೆ ನಿಂತು ಹುಡುಕುವುದು ಆಗದ ಮಾತು. ಕಾರ್ಡಿನ ಬೆಲೆಯಷ್ಟೇ ಅದರ ಸ್ಥಾನವೂ ಮುಖ್ಯವೆಂಬುದು ನನಗೆ ಖಚಿತವಾದದ್ದು ಆ ಕಾಳಗದಲ್ಲಿ, ಮುಂದಿನದೆಲ್ಲ ಆ ತಿಳಿವಳಿಕೆಯ ವಿಸ್ತರಣೆ.

ಡೆಕ್ ಖಾಲಿಯಾದಾಗ ಮಾಡುವ ರೀಲೋಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎ ಬಟನ್ ಒತ್ತಿ ಹಿಡಿದರೆ ಎಣಿಕೆ ಇಳಿಯುತ್ತ ಬಂದು ಡೆಕ್ ಮತ್ತೆ ತುಂಬಿಕೊಳ್ಳುತ್ತದೆ. ಆ ಎಣಿಕೆ ಮೊದಲ ಸಲ 1, ಮುಂದಿನ ಸಲ 2, ಆಮೇಲೆ ಪ್ರತಿ ಸಲವೂ 3. ಅಷ್ಟು ಹೊತ್ತು ಕೈ ಬರಿದು. ಆದ್ದರಿಂದ ಕೊನೆಯ ಎರಡು ಮೂರು ಕಾರ್ಡುಗಳು ಉಳಿದಿರುವಾಗಲೇ ಶತ್ರುಗಳಿಂದ ದೂರದ ಅಂಚಿಗೆ ಓಡುವುದನ್ನು ಅಭ್ಯಾಸ ಮಾಡಿಕೊಂಡೆ.

ಈ ಆಟದ ನಿಜವಾದ ತಿರುಳಿರುವುದು ‘ಸ್ಲೈಟ್’ಗಳಲ್ಲಿ. ಎಲ್ ಮತ್ತು ಆರ್ ಎರಡನ್ನೂ ಒಟ್ಟಿಗೆ ಒತ್ತಿದರೆ ಮುಂದಿರುವ ಕಾರ್ಡು ಬಳಕೆಯಾಗದೆ ಪಕ್ಕಕ್ಕೆ ಸೇರುತ್ತದೆ. ಹೀಗೆ ಮೂರನ್ನು ಸೇರಿಸಿ ಒಟ್ಟಿಗೆ ಹಾಕಿದರೆ ಅವುಗಳ ಬೆಲೆ ಕೂಡುತ್ತದೆ. ಮೂರು 9ಗಳು ಸೇರಿದರೆ 27, ಅದಕ್ಕಿಂತ ದೊಡ್ಡ ಮೊತ್ತ ಸಾಧ್ಯವಿಲ್ಲ. ಬಿಡಿ ಕಾರ್ಡಿನ ಗರಿಷ್ಠ ಬೆಲೆ 9 ಆಗಿರುವುದರಿಂದ, ಮೊತ್ತ 10 ಮುಟ್ಟಿದರೆ ಸೊನ್ನೆಯೊಂದನ್ನು ಬಿಟ್ಟು ಯಾವ ಬಿಡಿ ಕಾರ್ಡೂ ಅದನ್ನು ಮುರಿಯಲಾರದು. ಜೊತೆಗೆ ಕಾರ್ಡುಗಳ ಜಾತಿ ಮತ್ತು ಮೊತ್ತ ಹೊಂದಿಕೊಂಡರೆ ಬೇರೆಯದೇ ಒಂದು ದಾಳಿ ಹುಟ್ಟುತ್ತದೆ: ಎರಡು ಫೈರ್ ಕಾರ್ಡು ಸೇರಿದರೆ ಫೈರಾ, ಮೂರು ಸೇರಿದರೆ ಫೈರಗಾ, ಕ್ಯೂರ್ ಎರಡಾದರೆ ಕ್ಯೂರಾ, ಮೂರಾದರೆ ಕ್ಯೂರಗಾ. ಬಟನ್‌ಗಳ ವಿಚಾರದಲ್ಲಿ ಒಂದು ಕಿರಿಕಿರಿ ಇದ್ದೇ ಇದೆ. ಎರಡರಲ್ಲಿ ಒಂದು ಬೆರಳು ಒಂದಿಷ್ಟು ಮೊದಲು ಬಿದ್ದರೂ ಡೆಕ್ ಒಂದು ಕಾರ್ಡು ಆಚೆ ಸರಿದು ಬೇಡದ ಕಾರ್ಡು ಸೇರಿಕೊಳ್ಳುತ್ತದೆ. ಕಾಳಗದ ನಡುವೆ ಎರಡೂ ತೋರುಬೆರಳುಗಳನ್ನು ಬಟನ್‌ಗಳ ಮೇಲಿಂದ ತೆಗೆಯದೆ ಹಗುರಾಗಿ ಇಟ್ಟುಕೊಂಡೇ ಆಡಿದ್ದರಿಂದ ಇದು ಹತೋಟಿಗೆ ಬಂತು.

ಇಷ್ಟು ಶಕ್ತಿಗೆ ಆಟ ಒಂದು ದಂಡ ವಿಧಿಸುತ್ತದೆ, ಗೊಂದಲದ ಗಂಟು ಇರುವುದೂ ಅಲ್ಲೇ. ಸ್ಲೈಟ್‌ನಲ್ಲಿ ಮೊದಲನೆಯದಾಗಿ ಸೇರಿಸಿದ ಕಾರ್ಡು ಆ ಕಾಳಗ ಮುಗಿಯುವವರೆಗೆ ಸಾಮಾನ್ಯ ರೀಲೋಡ್‌ನಿಂದ ಮರಳಿ ಬರುವುದಿಲ್ಲ. ಕೇಳಲು ಇದು ಸಣ್ಣ ನಷ್ಟ. ಆದರೆ ಒಂಬತ್ತು ಕಾರ್ಡುಗಳ ಡೆಕ್ಕನ್ನು ಮೂರು ಮೂರಾಗಿ ಜೋಡಿಸಿಟ್ಟು ಒಂದು ಸುತ್ತು ಆಡಿ ನೋಡಿ: ಒಂದನೆಯ, ನಾಲ್ಕನೆಯ, ಏಳನೆಯ ಕಾರ್ಡುಗಳು ಹೋಗಿರುತ್ತವೆ. ರೀಲೋಡ್ ಆದ ಮೇಲೆ ಉಳಿದದ್ದು 2, 3, 5, 6, 8, 9ನೆಯ ಸ್ಥಾನದವು. ಈಗ ಮೊದಲ ಗುಂಪಿನಲ್ಲಿ ಬೀಳುವುದು 2, 3, 5. ಎರಡನೆಯದರಲ್ಲಿ 6, 8, 9. ಅಂದರೆ ನಾವು ಜೋಡಿಸಿಟ್ಟ ಮೂರು ದಾಳಿಗಳ ಪೈಕಿ ಒಂದೂ ಹಾಗೆಯೇ ಉಳಿದಿರುವುದಿಲ್ಲ. ಮೊದಲ ಸುತ್ತಿನಲ್ಲಿ ಮಿಂಚಿನಂತೆ ಸಾಗಿದ ಡೆಕ್ ಎರಡನೆಯ ಸುತ್ತಿನಲ್ಲಿ ಏಕೆ ತಡವರಿಸುತ್ತದೆ ಎಂಬುದಕ್ಕೆ ಕಾರಣ ಇದು, ಹಲವರು ಈ ಆಟವನ್ನು ಅರ್ಧಕ್ಕೆ ಬಿಡುವುದೂ ಇದೇ ಕಾರಣಕ್ಕೆ ಇರಬಹುದೆಂದು ನನ್ನ ಊಹೆ.

ಇದನ್ನು ಬಿಡಿಸಲು ನಾನು ಕಾಗದ ಹಿಡಿದು ಕುಳಿತೆ. ಡೆಕ್ಕನ್ನು ಒಂದು ಸಾಲಿನಲ್ಲಿ ಬರೆದು, ಪ್ರತಿ ಮೂರರ ಮೊದಲನೆಯದನ್ನು ಹೊಡೆದುಹಾಕಿ, ಉಳಿದವನ್ನು ಕೆಳಗಿನ ಸಾಲಿನಲ್ಲಿ ಮತ್ತೆ ಬರೆದುಕೊಂಡೆ. ಎರಡನೆಯ ಸಾಲಿನಲ್ಲೂ ಉಪಯುಕ್ತ ಜೋಡಣೆಗಳೇ ಬರುವಂತೆ ಮೊದಲ ಸಾಲನ್ನು ತಿದ್ದುವುದು ಕೆಲಸ. ಒಂದೇ ಮಂತ್ರದ ಕಾರ್ಡುಗಳನ್ನು ಒಟ್ಟೊಟ್ಟಿಗೆ ಇಡುವುದು ಇದಕ್ಕೆ ಸುಲಭದ ದಾರಿ: ಆರು ಫೈರ್ ಸಾಲಾಗಿದ್ದರೆ ಮೊದಲ ಸುತ್ತಿನಲ್ಲಿ ಎರಡು ಫೈರಗಾ, ಎರಡನೆಯ ಸುತ್ತಿನಲ್ಲಿ ಉಳಿದ ನಾಲ್ಕರಿಂದ ಒಂದು ಫೈರಗಾ ಮತ್ತು ಒಂದು ಬಿಡಿ ಫೈರ್, ಇಲ್ಲವೇ ಎರಡು ಫೈರಾ. ಯಾವುದು ಉದುರಿದರೂ ಉಳಿದವು ಒಂದೇ ಜಾತಿಯವಾದ್ದರಿಂದ ಸಾಲು ಕೆಡುವುದಿಲ್ಲ. ಕ್ಯೂರ್ ಕಾರ್ಡುಗಳನ್ನು ಡೆಕ್ಕಿನ ಬಾಲದಲ್ಲಿಟ್ಟೆ. ಮೂರಿದ್ದರೆ ಮೊದಲು ಕ್ಯೂರಗಾ, ಮುಂದಿನ ಸುತ್ತಿಗೆ ಕ್ಯೂರಾ, ಆಮೇಲೆ ಒಂದೇ ಒಂದು ಕ್ಯೂರ್: ಒಂದು ಕಾಳಗದಲ್ಲಿ ಎಷ್ಟು ಚಿಕಿತ್ಸೆ ಉಳಿದಿದೆ ಎಂಬುದು ಹೀಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೆ ತಕ್ಕಂತೆ ಅಪಾಯಕ್ಕೆ ಒಡ್ಡಿಕೊಳ್ಳಬಹುದು.

ಕಾಗದದ ಮೇಲೆ ಬರೆಯುತ್ತಿದ್ದಾಗಲೇ ಹೊಳೆದ ಇನ್ನೊಂದು ಉಪಾಯ ಪ್ರೀಮಿಯಂ ಕಾರ್ಡುಗಳದು. ಇವುಗಳನ್ನು ಡೆಕ್ಕಿಗೆ ಸೇರಿಸಲು ಸಾಮಾನ್ಯ ಕಾರ್ಡಿಗಿಂತ ಕಡಿಮೆ ಸಿಪಿ (ಸಿಪಿ ಎಂದರೆ ಡೆಕ್ಕಿಗೆ ಇರುವ ತೂಕದ ಮಿತಿ) ಸಾಕು, ಆದರೆ ಒಮ್ಮೆ ಬಳಸಿದರೆ ಆ ಕಾಳಗದಲ್ಲಿ ರೀಲೋಡ್‌ಗೆ ಸಿಗುವುದಿಲ್ಲ. ಮೇಲ್ನೋಟಕ್ಕೆ ಅವು ಕೆಲಸಕ್ಕೆ ಬಾರದವು. ಆದರೆ ಸ್ಲೈಟ್‌ನ ಮೊದಲ ಕಾರ್ಡು ಹೇಗಿದ್ದರೂ ಹೋಗುವುದೇ ಆದ್ದರಿಂದ ಪ್ರೀಮಿಯಂ ಕಾರ್ಡನ್ನು ಆ ಮೊದಲ ಸ್ಥಾನದಲ್ಲಿಟ್ಟರೆ ಹೆಚ್ಚುವರಿ ನಷ್ಟವೇನೂ ಇಲ್ಲ, ಸಿಪಿ ಮಾತ್ರ ಉಳಿತಾಯ. ಎರಡು ದೌರ್ಬಲ್ಯಗಳನ್ನು ಒಂದರ ಮೇಲೊಂದು ಇಟ್ಟು ಒಂದನ್ನು ಮಾಯ ಮಾಡಿದ ಈ ಲೆಕ್ಕ ನನಗೆ ಬಾಸ್‌ಗಳನ್ನು ಗೆದ್ದದ್ದಕ್ಕಿಂತ ಹೆಚ್ಚು ಖುಷಿ ಕೊಟ್ಟಿತು.

ಹೆಚ್ಚಿನ ಅಂಕಿಯ ಕಾರ್ಡಿಗೆ ಹೆಚ್ಚು ಸಿಪಿ ಬೇಕು. ಲೆವೆಲ್ ಏರಿದಾಗಲೆಲ್ಲ ಪ್ರಾಣಶಕ್ತಿಯನ್ನೋ ಸಿಪಿಯನ್ನೋ, ಕೆಲವು ಲೆವೆಲ್‌ಗಳಲ್ಲಿ ಹೊಸ ಸ್ಲೈಟ್ ಒಂದನ್ನೋ ಆರಿಸಿಕೊಳ್ಳಬೇಕಾಗುತ್ತದೆ. ಸ್ಲೈಟ್ ಸಿಕ್ಕಲ್ಲೆಲ್ಲ ಅದನ್ನೇ ತೆಗೆದುಕೊಂಡೆ. ಉಳಿದ ಕಡೆ ಬಹುತೇಕ ಸಿಪಿಯನ್ನು ಆರಿಸಿದೆ. ಪ್ರಾಣಶಕ್ತಿ ಹೆಚ್ಚಿಸಿಕೊಂಡರೆ ಏಟು ತಿನ್ನುವ ಸಾಮರ್ಥ್ಯ ಬರುತ್ತದೆ, ಸಿಪಿ ಹೆಚ್ಚಿಸಿಕೊಂಡರೆ ಏಟು ಬೀಳುವ ಮುನ್ನ ಮುರಿಯುವ ಸಾಮರ್ಥ್ಯ ಬರುತ್ತದೆ. ಹೊಡೆತದ ಕಾರ್ಡುಗಳನ್ನು ಆರಿಸುವಾಗಲೂ ಅದೇ ದೃಷ್ಟಿ ಇಟ್ಟುಕೊಂಡೆ. ಸೋರಾ ಬೀಸುವ ಕೀಲಿಯಾಕಾರದ ಕತ್ತಿಯಾದ ಕೀಬ್ಲೇಡ್‌ನ ಪ್ರತಿ ಬಗೆಗೂ ಹೊಡೆತದ ಬಲ, ಬೀಸುವ ವೇಗ ಇತ್ಯಾದಿಗಳ ಜೊತೆ, ತನ್ನ ಕಾರ್ಡು ಮುರಿದಾಗ ಸೋರಾ ಎಷ್ಟು ಬೇಗ ಚೇತರಿಸಿಕೊಳ್ಳುತ್ತಾನೆ ಎಂಬ ಗುಣವೂ ಇದೆ. ಬಲದ ಕಡೆ ಮಾತ್ರ ನೋಡುವವರು ಈ ಕೊನೆಯದನ್ನು ಗಮನಿಸುವುದಿಲ್ಲ, ಆದರೆ ಬಾಸ್ ಕಾಳಗದಲ್ಲಿ ಜೀವ ಉಳಿಸುವುದು ಅದೇ.

ಡೆಕ್ ದೊಡ್ಡದಿರಬೇಕೋ ಚಿಕ್ಕದಿರಬೇಕೋ ಎಂಬ ಪ್ರಶ್ನೆಗೆ ಎರಡು ಕಡೆಯೂ ವಾದಗಳಿವೆ. 99 ಕಾರ್ಡುಗಳವರೆಗೆ ಅವಕಾಶವಿದೆಯಾದರೂ ಅಷ್ಟರಲ್ಲಿ ಬೇಕಾದದ್ದನ್ನು ಹುಡುಕುವುದೇ ಒಂದು ಶ್ರಮ; ತೀರಾ ಚಿಕ್ಕದಾದರೆ ರೀಲೋಡ್‌ನಲ್ಲೇ ಕಾಲ ಕಳೆಯುತ್ತದೆ, ಸ್ಲೈಟ್‌ಗಳಿಂದ ಉದುರುವ ಕಾರ್ಡುಗಳು ಡೆಕ್ಕನ್ನು ಬೇಗ ಬೋಳಾಗಿಸುತ್ತವೆ. ಸಾಮಾನ್ಯ ಶತ್ರುಗಳಿಗೆ ಬಿಡಿ ಹೊಡೆತಗಳೇ ಹೆಚ್ಚಿರುವ ಒಂದು ಡೆಕ್, ಬಾಸ್‌ಗಳಿಗೆ ಸ್ಲೈಟ್‌ಗಳನ್ನು ಜೋಡಿಸಿದ ಇನ್ನೊಂದು ಡೆಕ್ ಎಂದು ಬೇರ್ಪಡಿಸಿದೆ. ಮೂರು ಡೆಕ್‌ಗಳನ್ನು ಉಳಿಸಿಟ್ಟುಕೊಳ್ಳಬಹುದಾದ್ದರಿಂದ ಮೂರನೆಯದನ್ನು ಪ್ರಯೋಗಗಳಿಗೆಂದೇ ಬಿಟ್ಟೆ. ಬೇಡದ ಕಾರ್ಡುಗಳನ್ನು ಆಟದೊಳಗಿನ ಮೂಗಲ್ ಅಂಗಡಿಗೆ ಮಾರಿ, ಬಂದ ಅಂಕಗಳಿಂದ ಹೊಸ ಕಾರ್ಡುಗಳ ಪೊಟ್ಟಣ ಕೊಳ್ಳುವುದರಿಂದ ಮೂರೂ ಡೆಕ್‌ಗಳಿಗೆ ಸಾಕಷ್ಟು ಸಾಮಗ್ರಿ ಒದಗಿತು. ಕಾಳಗಕ್ಕೆ ಇಳಿಯುವ ಮುನ್ನ, ಕೋಣೆಯಲ್ಲಿ ಅಡ್ಡಾಡುವ ಶತ್ರುವಿಗೆ ನಾವೇ ಮೊದಲು ಏಟು ಕೊಟ್ಟರೆ ಕಾಳಗ ಶುರುವಾಗುವಾಗ ಶತ್ರುಗಳು ಕೊಂಚ ಹೊತ್ತು ಮರವಟ್ಟು ನಿಂತಿರುತ್ತಾರೆ ಎಂಬುದನ್ನೂ ಇಲ್ಲಿ ಸೇರಿಸಬೇಕು. ಮೊದಲ ಸ್ಲೈಟ್ ಅನ್ನು ಯಾರ ಅಡ್ಡಿಯೂ ಇಲ್ಲದೆ ಕೂಡಿಸಲು ಆ ಬಿಡುವು ಸಾಕು.

ಸೋರಾನ ಕಥೆ ಮುಗಿದ ಮೇಲೆ ತೆರೆದುಕೊಳ್ಳುವ, ಅವನ ಗೆಳೆಯ ರಿಕುವಿನ ಭಾಗ ಈ ಕಲಿಕೆಯನ್ನೆಲ್ಲ ಒಮ್ಮೆ ತಲೆಕೆಳಗು ಮಾಡುತ್ತದೆ. ಅಲ್ಲಿ ಡೆಕ್ಕನ್ನು ನಾವು ಜೋಡಿಸುವಂತಿಲ್ಲ. ಪ್ರತಿ ಲೋಕಕ್ಕೂ (ಅಂದರೆ ಮಹಡಿಗೂ) ಆಟವೇ ಒಂದು ಡೆಕ್ ಕೊಡುತ್ತದೆ. ಮಂತ್ರದ ಕಾರ್ಡುಗಳಿಲ್ಲ, ಸಿಪಿಯೂ ಇಲ್ಲ. ಅದಕ್ಕೆ ಬದಲಾಗಿ ರಿಕು ಎಣಿಕೆಗೆ ಕಾಯದೆ ಥಟ್ಟನೆ ರೀಲೋಡ್ ಮಾಡಬಲ್ಲ, ಶತ್ರುವಿನ ಕಾರ್ಡುಗಳನ್ನು ಮುರಿದಷ್ಟೂ ಅವನೊಳಗಿನ ಕತ್ತಲ ಶಕ್ತಿ ಕೂಡುತ್ತ ಹೋಗಿ ಕೊನೆಗೆ ಅವನ ರೂಪವೇ ಬದಲಾಗುತ್ತದೆ. ಸ್ಲೈಟ್‌ಗಳು ಅವನಿಗೆ ದಕ್ಕುವುದು ಆ ರೂಪದಲ್ಲೇ. ಕಾಗದದ ಲೆಕ್ಕ ಇಲ್ಲಿ ಪ್ರಯೋಜನಕ್ಕೆ ಬರಲಿಲ್ಲ, ಎರಡನೆಯವನಾಗಿ ಕಾರ್ಡು ಹಾಕುವ ರೂಢಿ ಮಾತ್ರ ಪೂರ್ತಿ ಉಪಯೋಗಕ್ಕೆ ಬಂತು. ಹೊಸ ಲೋಕದ ಡೆಕ್ ಕೈಗೆ ಬಂದ ಕೂಡಲೇ ಅದರಲ್ಲಿ ಸೊನ್ನೆ ಎಲ್ಲೆಲ್ಲಿದೆ, 8 ಮತ್ತು 9 ಎಷ್ಟಿವೆ ಎಂದು ಒಮ್ಮೆ ಪೂರ್ತಿ ಸರಿಸಿ ನೋಡಿಕೊಳ್ಳುತ್ತೇನೆ. ಬಾಸ್ ಎದುರಾದಾಗ ಸಣ್ಣ ಅಂಕಿಗಳನ್ನು ಅವನು ತತ್ತರಿಸಿ ನಿಂತ ಗಳಿಗೆಗೆ ಮೀಸಲಿಟ್ಟು, ದೊಡ್ಡವನ್ನು ಅವನ ಹೊಡೆತ ಮುರಿಯಲು ಮಾತ್ರ ಬಳಸುತ್ತೇನೆ. ದೊಡ್ಡವು ಮುಗಿದ ಕ್ಷಣವೇ, ಉಳಿದ ಸಣ್ಣ ಕಾರ್ಡುಗಳ ಆಸೆ ಬಿಟ್ಟು, ರೀಲೋಡ್ ಮಾಡಿಕೊಂಡುಬಿಡುತ್ತೇನೆ.