ಯೌವನಸ್ಥರ ಕೂಟದಲ್ಲಿ ಆಶುನಾಟಕ: ಕ್ಷಮೆಯ ಪಾಠವನ್ನು ಆಡಿಸುವ ಬಗೆ

ಕ್ಷಮಿಸಬೇಕೆಂಬ ಮಾತನ್ನು ನಮ್ಮ ಸಭೆಯ ಯೌವನಸ್ಥರು ಸಂಡೇ ಸ್ಕೂಲಿನಿಂದಲೇ ಕೇಳುತ್ತ ಬಂದಿರುತ್ತಾರೆ. ಆದುದರಿಂದ ಆಶುನಾಟಕದಲ್ಲಿ, ಎಂದರೆ ಮಾತನ್ನು ಮೊದಲೇ ಬರೆದುಕೊಳ್ಳದೆ ನಿಂತಲ್ಲೇ ಕಟ್ಟುವ ಆಟದಲ್ಲಿ, ಅದನ್ನೇ ಮತ್ತೆ ಬೋಧಿಸದೆ, ಕ್ಷಮಿಸುವುದು ಏಕೆ ಕಷ್ಟವೆಂಬುದನ್ನು ಪಾತ್ರದೊಳಗೆ ನಿಂತು ಅವರೇ ಅರಿಯುವಂತೆ ಮಾಡಬೇಕು. ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟದಲ್ಲಿ ಭಾಗವತ ಮತ್ತು ದೂತಿ ನಿಂತಲ್ಲೇ ಮಾತಿಗೆ ಮಾತು ಕಟ್ಟುವುದನ್ನು ಕಂಡ ಬಾಗಲಕೋಟೆ ಸೀಮೆಯ ಮಕ್ಕಳಿಗೆ ಇಂಥ ಆಟ ಹೊಸದೇನಲ್ಲ.

ಎರಡು ಕುರ್ಚಿ, ಒಂದೂವರೆ ಗಂಟೆ ಸಾಕು. ಮೊದಲಿಗೆ ಸತ್ಯವೇದವನ್ನು (ಬೈಬಲನ್ನು) ತೆರೆಯದೆ ಊರಿನದೇ ಒಂದು ಸನ್ನಿವೇಶವನ್ನು ಕೊಡಿ. ಗುಳೇದಗುಡ್ಡದಲ್ಲಿ ಅವ್ವ ರವಿಕೆಯ ಖಣ ನೇಯ್ದು ಮಗಳ ಕಾಲೇಜಿಗೆಂದು ಕೂಡಿಟ್ಟ ಹಣವನ್ನು ಅಣ್ಣ ಹೇಳದೆ ತೆಗೆದು ಬೈಕ್ ಕೊಂಡಿದ್ದಾನೆ, ತಂಗಿಯ ಪ್ರವೇಶ ತಪ್ಪಿದೆ, ಈಗ ಅವನು ಬಾಗಿಲಲ್ಲಿ ನಿಂತಿದ್ದಾನೆ. ಇಷ್ಟನ್ನೇ ಹೇಳಿ, ಕೊನೆ ಹೇಗಿರಬೇಕೆಂದು ಹೇಳಬೇಡಿ.

ತಂಗಿಯ ಪಾತ್ರ ಮೊದಲ ನಿಮಿಷದಲ್ಲೇ "ಹೋಗ್ಲಿ ಬಿಡಣ್ಣ" ಎಂದರೆ ಚಪ್ಪಾಳೆ ತಟ್ಟಿ ಆಟವನ್ನು ನಿಲ್ಲಿಸಿ, ಹೋದದ್ದು ಏನೆಂದು ಕೇಳಿ, ಅಲ್ಲಿಂದಲೇ ಮುಂದುವರಿಸಿರಿ. ಆರಂಭದಲ್ಲಿ ನಾನು ಪ್ರತಿ ಆಟವನ್ನೂ ಅಪ್ಪುಗೆಯಲ್ಲಿ ಮುಗಿಸುತ್ತಿದ್ದೆ; ಅದು ನನ್ನ ತಪ್ಪು. ಒಮ್ಮೆ ಒಬ್ಬ ಹುಡುಗಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕುಳಿತು, "ರೊಕ್ಕ ಹೋದದ್ದಕ್ಕಲ್ಲ, ನನ್ನ ಒಂದು ಮಾತು ಕೇಳಲಿಲ್ಲಲ್ಲ" ಎಂದಳು. ಅಣ್ಣನಾದವನು ಏನೂ ಹೇಳದೆ ಕೈಯಲ್ಲಿದ್ದ ಕೀಲಿಯನ್ನು ನೆಲದ ಮೇಲಿಟ್ಟನು. ಇಂಥ ಮೌನದ ನಡುವೆ ನಡೆಸುವವರು ಬಾಯಿ ಹಾಕಬಾರದು. ಆಮೇಲೆ ಪಾತ್ರಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ಆಡಿಸಿರಿ.

ಈಗ ಸತ್ಯವೇದದಿಂದ ಮತ್ತಾಯ 18:21-35 ಓದಿಸಿರಿ. ಶಿಷ್ಯನಾದ ಪೇತ್ರನು ಏಳು ಸಾರಿ ಕ್ಷಮಿಸಬೇಕೋ ಎಂದು ಕೇಳಿದಾಗ ಯೇಸು ಏಳೆಪ್ಪತ್ತು ಸಾರಿ ಎಂದನು. ಆತನು ಮುಂದೆ ಹೇಳಿದ ಸಾಮ್ಯದಲ್ಲಿ (ದೃಷ್ಟಾಂತದಲ್ಲಿ) ಅರಸನು ಒಬ್ಬ ಸೇವಕನಿಗೆ ಮನ್ನಿಸಿದ ಸಾಲ 10,000 ತಲಾಂತು. ಆ ಕಾಲದ ಹಣದಲ್ಲಿ ಒಂದು ದಿನಾರಿ ಒಂದು ದಿನದ ಕೂಲಿ, ಒಂದು ತಲಾಂತು ಸುಮಾರು 6,000 ದಿನಾರಿ. ಹೀಗೆ ಹಲಗೆಯ ಮೇಲೆ ಲೆಕ್ಕ ಹಾಕಿಸಿದರೆ ಮನ್ನಿಸಿದ್ದು ಸುಮಾರು 6 ಕೋಟಿ ದಿನಗಳ ಕೂಲಿ, ಆ ಸೇವಕನು ಜೊತೆಯವನ ಕುತ್ತಿಗೆ ಹಿಡಿದದ್ದು 100 ದಿನಗಳ ಕೂಲಿಗಾಗಿ ಎಂಬುದು ಕಣ್ಣಿಗೆ ಕಟ್ಟುತ್ತದೆ. ಕೂಡಲೇ ಎರಡನೆಯ ಆಟವನ್ನು ಆರಂಭಿಸಿರಿ: ತಂಗಿಯಿಂದ ಕ್ಷಮೆ ಪಡೆದ ಅಣ್ಣ ಹೊರಗೆ ಬಂದಾಗ, 500 ರೂಪಾಯಿ ಕೊಡಬೇಕಾದ ಗೆಳೆಯ ಎದುರಾಗುತ್ತಾನೆ. ನನ್ನ ಮಟ್ಟಿಗೆ ಇಡೀ ಪಾಠದ ತಿರುಳು ಈ ಎರಡನೆಯ ಆಟದಲ್ಲಿದೆ.

ಕೂಟದಲ್ಲಿರುವವರ ನಿಜವಾದ ಜಗಳವನ್ನಾಗಲಿ, ಹೊಡೆತ ಅಥವಾ ಲೈಂಗಿಕ ದೌರ್ಜನ್ಯವನ್ನಾಗಲಿ ಎಂದಿಗೂ ಆಡಿಸಬಾರದು. ಕ್ಷಮಿಸುವುದೆಂದರೆ ತಪ್ಪನ್ನು ಮುಚ್ಚಿಡುವುದಲ್ಲ, ಅಪಾಯದ ಮನೆಗೆ ಮರಳುವುದೂ ಅಲ್ಲ ಎಂದು ಬಿಡಿಸಿ ಹೇಳಿರಿ. ಯಾರಾದರೂ ಅತ್ತರೆ ಆಟವನ್ನು ಅಲ್ಲಿಗೇ ಬಿಟ್ಟು, ಅವರು ನಂಬುವ ಹಿರಿಯರೊಬ್ಬರು ಅವರ ಪಕ್ಕದಲ್ಲಿ ಕುಳಿತುಕೊಳ್ಳಲಿ.

ಮುಗಿಸುವ ಮುನ್ನ ಆಡಿದವರೆಲ್ಲ ತಮ್ಮ ಸ್ವಂತ ಹೆಸರನ್ನು ಹೇಳಿ ಪಾತ್ರದಿಂದ ಹೊರಬರಲಿ. ಬಳಿಕ ಕರ್ತನ ಪ್ರಾರ್ಥನೆಯನ್ನು ಕೂಡಿ ಹೇಳುತ್ತ, ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎಂಬ ಸಾಲಿಗೆ ಬಂದಾಗ ತುಸು ಹೊತ್ತು ತಡೆದು ನಿಲ್ಲಿರಿ.