ಕಾರು ತಗ್ಗಿಸಿದ ಮೇಲೆ ಟೈರ್ ಒಳಬದಿ ಸವೆಯುತ್ತಿದ್ದರೆ

ಕಾರು ಹ್ಯಾಚ್‌ಬ್ಯಾಕ್. ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಸೇರಿಸುವ ಅಡ್ಡತೊಲೆ). 35 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿದ ಮೇಲೆ ಮುಂದಿನ ಟೈರ್‌ಗಳ ಒಳಬದಿ ಮಾತ್ರ ಸವೆಯತೊಡಗಿತು. ಅಂಕೋಲಾ ಹೆದ್ದಾರಿಯಲ್ಲಿ ಸ್ಟೀರಿಂಗ್ ಆಚೀಚೆ ಎಳೆಯುತ್ತಿತ್ತು. ದೇವಿಮನೆ ಘಾಟಿಯ ಹೊಂಡಗಳಲ್ಲಿ ದಡ್ ಅಂತ ಬಡಿತ.

ಟೈರ್ ಅದಲುಬದಲು, ಬ್ಯಾಲೆನ್ಸಿಂಗ್, ಗಾಳಿ ಜಾಸ್ತಿ ಹಾಕುವುದು, ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಬರೀ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಸರಿ ಮಾಡಿಸಿದರೂ ಅಷ್ಟೇ.

ಬಡಿತ ನಿಂತಿದ್ದು ತಗ್ಗಿಸಿದ ಕಾರಿಗೆಂದೇ ಬರುವ ಗಿಡ್ಡ ಶಾಕ್ ಮತ್ತು ಗಿಡ್ಡ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರ್) ಹಾಕಿದ ಮೇಲೆ. ಹಳೇ ಶಾಕ್ ಇಟ್ಟುಕೊಂಡು ಸ್ಪ್ರಿಂಗ್ ಮಾತ್ರ ಬದಲಿಸುವುದು ಸುಮ್ನೆ ಖರ್ಚು.

ಸವೆತಕ್ಕೆ ಕೆಲಸದ ಕ್ರಮವೇ ಮುಖ್ಯ. ಮೊದಲು ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಬುಶ್‌ನ, ಅಂದರೆ ಅದರ ಕೀಲಿನ ರಬ್ಬರ್‌ನ ಬೋಲ್ಟ್ ಸಡಿಲಿಸಿ, ಕಾರನ್ನು ಚಕ್ರದ ಮೇಲೆ ಇಳಿಸಿ, ನಾಲ್ಕು ಸಲ ಒತ್ತಿ ಕುಲುಕಿಸಿ. ಬಿಗಿ ಮಾಡುವುದು ಆಮೇಲೆ. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಹೆಚ್ಚಿನ ಗ್ಯಾರೇಜ್‌ನವರು ಇದನ್ನು ಬಿಡುತ್ತಾರೆ.

ನಂತರ ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ; ಮೈನಸ್ ಅಂದರೆ ಮೇಲ್ಭಾಗ ಒಳಕ್ಕೆ. ನನ್ನದು ಎಡಕ್ಕೆ −2°10′, ಬಲಕ್ಕೆ −1°20′ ಇತ್ತು. ಸ್ಟ್ರಟ್ ಮತ್ತು ನಕಲ್ (ಚಕ್ರ ಕೂರುವ ಲೋಹದ ಭಾಗ) ಸೇರುವಲ್ಲಿ ಮೇಲಿನ ಬೋಲ್ಟ್ ತೆಗೆದು, ಈ ಕೋನ ಹೊಂದಿಸಲು ಬರುವ ಕ್ಯಾಂಬರ್ ಬೋಲ್ಟ್ ಹಾಕಿಸಿ, ಎರಡೂ ಕಡೆ −1°10′ಕ್ಕೆ ತಂದೆ. ಟೋ ಕೊನೆಗೆ, ಯಾಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ. ಸ್ಟೀರಿಂಗ್ ನೇರ ಹಿಡಿದು ಲಾಕ್ ಮಾಡಿಸಿ, ಒಟ್ಟು ಟೋ ಸೊನ್ನೆ. ಟೈರ್ ತಿನ್ನುವುದರಲ್ಲಿ ಕ್ಯಾಂಬರ್‌ಗಿಂತ ಟೋ ಔಟ್‌ನದೇ (ಚಕ್ರಗಳ ಮುಂಭಾಗ ಹೊರಕ್ಕೆ ತಿರುಗಿರುವುದು) ಕೈ ಮೇಲು.

ಕಾರವಾರದ ಉಪ್ಪುಗಾಳಿಗೆ, ಟೋ ಹೊಂದಿಸುವ ಟೈ ರಾಡ್‌ನ ನಟ್ ತುಕ್ಕು ಹಿಡಿದಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.