ಫಾರ್ಮ್ ಬದಿಗಿಟ್ಟು ಕೇಳುವುದು: ಆತ್ಮಹತ್ಯೆಯ ಅಪಾಯ ಅರಿಯುವ ತರಬೇತಿಯನ್ನು ನಾವು ನಡೆಸುವ ಬಗೆ

ಉತ್ತರ ಕನ್ನಡದಲ್ಲಿ ನಮ್ಮ ತರಬೇತಿಗೆ ಬರುವವರು ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್‌ಗಳು, ಆಪ್ತಸಮಾಲೋಚಕರು, ಮನೋಸಾಮಾಜಿಕ ಕಾರ್ಯಕರ್ತರು, ಉಪಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿಗಳು. ಬಂದವರು ಮೊದಲು ಕೇಳುವುದು ಒಂದು ಫಾರ್ಮ್. ಇಷ್ಟು ಅಂಕ ಬಂದರೆ ಅಪಾಯ ಕಡಿಮೆ, ಇಷ್ಟಾದರೆ ಮಧ್ಯಮ, ಅದಕ್ಕೂ ಮೇಲಾದರೆ ಕಾರವಾರಕ್ಕೆ ರೆಫರ್. ಅಂಥ ಫಾರ್ಮ್ ನಾವು ಕೊಡುವುದಿಲ್ಲ. ಯಾಕೆಂದು ಮೊದಲ ಅರ್ಧ ಗಂಟೆಯಲ್ಲೇ ಹೇಳಿ ಮುಗಿಸುತ್ತೇವೆ, ಇಲ್ಲವಾದರೆ ಎರಡೂ ದಿನ ಅದೇ ಚರ್ಚೆಯಾಗುತ್ತದೆ.

ಮುಂದೆ ಯಾರು ಜೀವ ಕಳೆದುಕೊಳ್ಳುತ್ತಾರೆಂದು ಅಂಕಪಟ್ಟಿ ಹೇಳಲಾರದು. ಅಪಾಯಕ್ಕೆ ಅಂಕ ಹಾಕಲು 1983ರಲ್ಲಿ ಬಂದ ‘ಸ್ಯಾಡ್ ಪರ್ಸನ್ಸ್’ ಪಟ್ಟಿಯಲ್ಲಿ ಗಂಡಸಾದರೆ ಒಂದು ಅಂಕ, ಸಂಗಾತಿ ಇಲ್ಲದಿದ್ದರೆ ಇನ್ನೊಂದು. ಹೀಗೆ ಎಣಿಸುತ್ತ ಹೋದರೆ ಎದುರಿಗೆ ಕೂತವರ ಇವತ್ತಿನ ಸಂಕಟಕ್ಕೆ ಜಾಗವೇ ಉಳಿಯುವುದಿಲ್ಲ. ಮಾನಸಿಕ ಆರೋಗ್ಯ ಸೇವೆಯ ಸಂಪರ್ಕದಲ್ಲಿದ್ದೂ ಆತ್ಮಹತ್ಯೆಯಿಂದ ತೀರಿಕೊಂಡವರ ದಾಖಲೆಗಳನ್ನು ಬ್ರಿಟನ್ನಿನಲ್ಲಿ ಬಹಳ ವರ್ಷಗಳಿಂದ ಪರಿಶೀಲಿಸುತ್ತ ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರ ಕೊನೆಯ ಭೇಟಿಯ ಟಿಪ್ಪಣಿಯಲ್ಲಿ ಅಪಾಯ ‘ಕಡಿಮೆ’ ಅಥವಾ ‘ಇಲ್ಲ’ ಎಂದೇ ಇತ್ತು. 2022ರ ಸೆಪ್ಟೆಂಬರಿನಲ್ಲಿ ಅಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಸ್ವಹಾನಿ (ತನಗೆ ತಾನೇ ಹಾನಿ ಮಾಡಿಕೊಳ್ಳುವುದು) ಕುರಿತ ತನ್ನ ಮಾರ್ಗಸೂಚಿಯಲ್ಲಿ, ಅಂಕಪಟ್ಟಿಯಿಂದ ಭವಿಷ್ಯ ಹೇಳಬೇಡಿ, ಕಡಿಮೆ-ಮಧ್ಯಮ-ಹೆಚ್ಚು ಎಂದು ವಿಂಗಡಿಸಿ ಯಾರಿಗೆ ಚಿಕಿತ್ಸೆ ಎಂದು ತೀರ್ಮಾನಿಸಬೇಡಿ ಎಂದು ಸ್ಪಷ್ಟವಾಗಿ ಬರೆಯಿತು. ನಮ್ಮ ವಾರ್ಡುಗಳಲ್ಲಿ ಕಾಣುವ ತೊಂದರೆ ಇದಕ್ಕಿಂತ ಸರಳ: ‘ಕಡಿಮೆ’ಗೆ ಟಿಕ್ ಬಿದ್ದ ಕ್ಷಣ ಮಾತು ನಿಲ್ಲುತ್ತದೆ. ಬೆಳಿಗ್ಗೆ ಟಿಕ್ ಹಾಕಿಸಿಕೊಂಡವರು ಸಂಜೆ ಕುಡಿದಿರಬಹುದು, ಸಾಲ ವಸೂಲಿಯವರ ಫೋನ್ ಬಂದಿರಬಹುದು. ಟಿಕ್ ಮಾತ್ರ ಹಾಗೇ ಇರುತ್ತದೆ. ಆತ್ಮಹತ್ಯೆಯ ಯೋಚನೆಯನ್ನು ಹಂತಹಂತವಾಗಿ ಕೇಳುವ ಕೊಲಂಬಿಯಾ ಪ್ರಶ್ನಾವಳಿಯನ್ನು ನಾವು ಪೂರ್ತಿ ಬಿಟ್ಟಿಲ್ಲ. ಆಸೆ, ಯೋಚನೆ, ದಾರಿ, ನಿರ್ಧಾರ, ಸಿದ್ಧತೆ ಎಂದು ಕೇಳುವ ಕ್ರಮ ಕಲಿಯಲು ಅದು ಚೆನ್ನಾಗಿದೆ. ಅಪಾಯದ ಮಟ್ಟಕ್ಕೊಂದು ಬಣ್ಣ ಹಚ್ಚಿ ವಿಂಗಡಿಸಲು ಬಳಸುವುದಿಲ್ಲ, ಅಷ್ಟೆ.

ಒಂದು ತಂಡಕ್ಕೆ 12ರಿಂದ 15 ಜನ. ಮೂವರ ಗುಂಪಿನಲ್ಲಿ ಅಭ್ಯಾಸ ಮಾಡಿಸುವುದರಿಂದ ಸಂಖ್ಯೆ ಮೂರರಿಂದ ಭಾಗವಾಗಬೇಕು. ತರಬೇತುದಾರರು ಇಬ್ಬರು. ಮಂಗಳವಾರ ಬೇಡ; ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ‘ಮನೋಚೈತನ್ಯ’ ಕ್ಲಿನಿಕ್ಕಿನ ದಿನ ಅದು. ಜುಲೈ ತಿಂಗಳೂ ಬೇಡ. ದೇವಿಮನೆ, ಅರಬೈಲು ಘಟ್ಟದಲ್ಲಿ ಮಣ್ಣು ಕುಸಿದರೆ ಅರ್ಧ ತಂಡ ಬರುವುದೇ ಇಲ್ಲ. ಎರಡು ದಿನದ ತರಬೇತಿಯನ್ನು ಸತತ ಎರಡು ದಿನ ಮಾಡುವುದಕ್ಕಿಂತ ನಡುವೆ ಎರಡು ವಾರ ಬಿಡುವುದು ಒಳ್ಳೆಯದು. ಆ ಎರಡು ವಾರದಲ್ಲಿ ಪ್ರತಿಯೊಬ್ಬರೂ ಒಂದೇ ಒಂದು ಕೆಲಸ ಮಾಡಿಕೊಂಡು ಬರಬೇಕು: ಸಾಯುವ ಯೋಚನೆ ಬಂದಿದೆಯಾ ಎಂದು ರೋಗಿಯನ್ನು ನೇರವಾಗಿ ಕೇಳುವುದು.

ಶುರು ಮಾಡುವ ಮೊದಲು ಹೇಳಲೇಬೇಕಾದ ಮಾತೊಂದಿದೆ. ಕೂತವರಲ್ಲಿ ಯಾರದೋ ಮನೆಯಲ್ಲಿ ಇಂಥ ಸಾವು ಆಗಿರಬಹುದು, ಯಾರಿಗೋ ಸ್ವತಃ ಇಂಥ ಯೋಚನೆ ಬಂದಿರಬಹುದು. ಕಾರಣ ಹೇಳದೆ ಎದ್ದು ಹೋಗಬಹುದು, ಹೋದವರ ಹಿಂದೆ ಇಬ್ಬರು ತರಬೇತುದಾರರಲ್ಲಿ ಒಬ್ಬರು ಬಂದು ವಿಚಾರಿಸುತ್ತಾರೆ. ಇಬ್ಬರು ಬೇಕೆನ್ನುವುದು ಮುಖ್ಯವಾಗಿ ಇದಕ್ಕೇ.

ಮೊದಲ ದಿನದ ಬಹುಪಾಲು ಹೋಗುವುದು ಕೇಳುವುದನ್ನು ಕಲಿಯುವುದಕ್ಕೆ. ಮೂವರಲ್ಲಿ ಒಬ್ಬರು ನರ್ಸ್, ಒಬ್ಬರು ಸಹಾಯಕ್ಕೆ ಬಂದವರು, ಒಬ್ಬರು ನೋಡುವವರು. 12 ನಿಮಿಷ ಮಾತು, 8 ನಿಮಿಷ ಚರ್ಚೆ, ಆಮೇಲೆ ಪಾತ್ರ ಬದಲು. ಬಂದವರ ಪಾತ್ರಕ್ಕೆ ಕೊಡುವ ಒಂದು ಚೀಟಿಯಲ್ಲಿ ಹೀಗಿರುತ್ತದೆ: ಅಂಕೋಲಾ ಕಡೆಯ ಯುವಕ, ಟ್ರಾಲರ್ ಬೋಟಿನಲ್ಲಿ ಕೆಲಸ, ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಕೈಯಲ್ಲಿ ದುಡ್ಡಿಲ್ಲ, ನಿದ್ದೆ ಇಲ್ಲ, ಹೊಟ್ಟೆನೋವೆಂದು ಆಸ್ಪತ್ರೆಗೆ ಬಂದಿದ್ದಾನೆ. ಹೆಚ್ಚಿನ ಗುಂಪುಗಳಲ್ಲಿ ಮೊದಲ ಸುತ್ತು ಹೀಗೆ ಮುಗಿಯುತ್ತದೆ:

“ಏನೂ ತಪ್ಪು ಯೋಚನೆ ಎಲ್ಲ ಮಾಡ್ಲಿಲ್ಲ ಅಲ್ಲ?”

“ಇಲ್ಲ ಸಿಸ್ಟರ್.”

ಈ ಪ್ರಶ್ನೆಯೊಳಗೇ ಉತ್ತರ ಇದೆ. ‘ಇಲ್ಲ’ ಎಂದರೆ ಸಾಕಪ್ಪ ಎಂದು ಕೇಳುವವರು ಕಾಯುತ್ತಿದ್ದಾರೆ ಅನ್ನುವುದು ಅವನಿಗೂ ಗೊತ್ತಾಗುತ್ತದೆ. ‘ತಪ್ಪು’ ಎಂದದ್ದರಿಂದ ನಾಚಿಕೆ ಬೇರೆ. ಎರಡನೇ ಸುತ್ತಿನಲ್ಲಿ ಮೊದಲು ಅವನ ಕಷ್ಟವನ್ನು ಅವನ ಬಾಯಲ್ಲೇ ಕೇಳಿ, ಕೇಳಿದ್ದನ್ನು ಎರಡು ಮಾತಿನಲ್ಲಿ ತಿರುಗಿ ಹೇಳಿ, ಆಮೇಲೆ:

“ಇಷ್ಟೆಲ್ಲ ಒಟ್ಟಿಗೇ ಬಂದಾಗ ಕೆಲವರಿಗೆ ಸತ್ತರೇ ವಾಸಿ ಅನ್ನಿಸ್ತದೆ. ನಿಮಗೆ ಹಾಗೆ ಅನ್ನಿಸಿದ್ದುಂಟಾ?”

“...ರಾತ್ರಿ ಅನ್ನಿಸ್ತದೆ.”

“ರಾತ್ರಿ ಎಂತಾಗ್ತದೆ, ಸ್ವಲ್ಪ ಹೇಳಿ.”

ಇಲ್ಲಿಂದ ದಾರಿ ತೆರೆಯುತ್ತದೆ. ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯಾ, ಹೇಗೆ ಎಂದು ಯೋಚಿಸಿದ್ದೀರಾ, ಅದು ಕೈಗೆ ಸಿಗುವ ಹಾಗಿದೆಯಾ, ಹಿಂದೆ ಯಾವಾಗಲಾದರೂ ಪ್ರಯತ್ನಿಸಿದ್ದುಂಟಾ, ಇಷ್ಟು ದಿನ ತಡೆದದ್ದು ಯಾವುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಪ್ರತಿ ತಂಡದಲ್ಲೂ ಎದ್ದೇಳುತ್ತದೆ. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಕೇಳಿದ್ದರಿಂದ ಹಗುರವಾಯಿತು ಎನ್ನುವವರೇ ಹೆಚ್ಚು.

ಪ್ರಶ್ನೆಗಿಂತ ಕಷ್ಟ, ಕೇಳಿದ ಮೇಲೆ ಸುಮ್ಮನಿರುವುದು. ಮನಸ್ಸಿನಲ್ಲೇ ಏಳರವರೆಗೆ ಎಣಿಸಿ ಎನ್ನುತ್ತೇವೆ. ಹೆಚ್ಚಿನವರು ಮೂರಕ್ಕೇ ಬುದ್ಧಿ ಹೇಳಲು ಶುರು ಮಾಡುತ್ತಾರೆ: ಮಕ್ಕಳ ಮುಖ ನೋಡಿ, ನಿಮಗಿಂತ ಕಷ್ಟದಲ್ಲಿರುವವರಿಲ್ಲವಾ. ನೋಡುವವರ ಕೆಲಸ ಎರಡೇ: ಯಾರು ಹೆಚ್ಚು ಮಾತಾಡಿದರು, ಮೊದಲ ಬುದ್ಧಿಮಾತು ಎಷ್ಟನೇ ನಿಮಿಷಕ್ಕೆ ಬಂತು. ಎರಡನ್ನೂ ಬರೆದು ಗುಂಪಿನ ಮುಂದೆ ಓದಬೇಕು. ಇಷ್ಟರಿಂದಲೇ ಆಗುವ ಸುಧಾರಣೆ ಒಂದು ಗಂಟೆಯ ಉಪನ್ಯಾಸದಿಂದ ಆಗುವುದಿಲ್ಲ.

ಮನೆಯವರನ್ನು ಹೊರಗೆ ಕಳಿಸುವುದು ಹೇಗೆ ಎನ್ನುವುದನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ, ನಮ್ಮ ಕಡೆ ಅದೇ ದೊಡ್ಡ ಕೆಲಸ. ಸೊಸೆ ಬಂದರೆ ಅತ್ತೆಯೂ ಜೊತೆಗೇ ಕೂರುತ್ತಾರೆ. ಬಿಪಿ ನೋಡಬೇಕು ಎಂದು ಸುಳ್ಳು ಹೇಳಬಾರದು. “ಬಂದ ಎಲ್ಲರ ಹತ್ತಿರವೂ ಹತ್ತು ನಿಮಿಷ ಬೇರೆಯಾಗಿ ಮಾತಾಡ್ತೇವೆ, ಅಮ್ಮ. ಆಮೇಲೆ ನಿಮ್ಮ ಹತ್ತಿರವೂ ಮಾತಾಡ್ತೇನೆ” ಎನ್ನಬೇಕು, ಮತ್ತು ಆ ಕ್ಲಿನಿಕ್ಕಿನಲ್ಲಿ ಎಲ್ಲರೊಂದಿಗೂ ನಿಜಕ್ಕೂ ಹಾಗೇ ಮಾಡಬೇಕು. ಭಾಷೆಯದೂ ಇದೇ ಕಥೆ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಶಿರಸಿಯಲ್ಲಿ ಹವ್ಯಕ ಕನ್ನಡ. ಭಾಷಾಂತರಕ್ಕೆ ಗಂಡನನ್ನೋ ಮಗನನ್ನೋ ನಿಲ್ಲಿಸಿಕೊಂಡರೆ ನಿಜ ಹೊರಬರುವುದಿಲ್ಲ. ಯಾವ ಸಿಬ್ಬಂದಿಗೆ ಯಾವ ಮಾತು ಬರುತ್ತದೆಂದು ಆಸ್ಪತ್ರೆಯಲ್ಲಿ ಮೊದಲೇ ಪಟ್ಟಿ ಇರಲಿ.

ಎರಡನೇ ದಿನ ಬೆಳಿಗ್ಗೆ ಬರವಣಿಗೆ. ಅಂಕದ ಜಾಗದಲ್ಲಿ ಏನು ಬರೆಯಬೇಕೆಂಬುದಕ್ಕೆ ಸಂಶೋಧಕ ಪಿಸಾನಿ ಮತ್ತು ಸಂಗಡಿಗರು 2016ರಲ್ಲಿ ಕೊಟ್ಟ ಚೌಕಟ್ಟನ್ನು ಬಳಸುತ್ತೇವೆ: ಇವರಂಥ ಇತರರಿಗೆ ಹೋಲಿಸಿದರೆ ಇವರ ಅಪಾಯ ಎಷ್ಟು, ಇವರದೇ ಮಾಮೂಲು ದಿನಗಳಿಗೆ ಹೋಲಿಸಿದರೆ ಈಗ ಎಷ್ಟು, ಆಸರೆ ಏನಿದೆ, ಯಾವುದು ಬದಲಾದರೆ ಪರಿಸ್ಥಿತಿ ಬೇಗ ಕೆಡಬಹುದು. ತರಗತಿಗೆಂದು ಕಟ್ಟಿದ ಒಂದು ಮಾದರಿ ಹೀಗಿದೆ:

“52 ವರ್ಷ, ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಐದು ವರ್ಷದ ಹಿಂದೆ ಒಮ್ಮೆ ಪ್ರಯತ್ನ, ಹಾಗಾಗಿ ನಮ್ಮ ಕ್ಲಿನಿಕ್ಕಿಗೆ ಬರುವ ಇತರರಿಗಿಂತ ಅಪಾಯ ಹೆಚ್ಚು. ಕೊಳೆರೋಗದಿಂದ ಫಸಲು ಹೋದ ಮೇಲೆ ಯೋಚನೆ ದಿನಕ್ಕೊಮ್ಮೆ ಬರುತ್ತಿದೆ, ಬೇಸಿಗೆಯಲ್ಲಿ ಇರಲಿಲ್ಲ. ‘ತಮ್ಮನ ಮುಂದೆ ಕೈ ಚಾಚಲಾರೆ’ ಎನ್ನುತ್ತಾರೆ. ನಿರ್ಧಾರ ಇಲ್ಲ ಎನ್ನುತ್ತಾರೆ. ಮಗಳ ಹತ್ತಿರ ಮಾತಾಡಿದರೆ ಆ ರಾತ್ರಿ ನಿದ್ದೆ ಬರುತ್ತದೆ. ಸೊಸೈಟಿಯ ನೋಟಿಸ್ ಬಂದರೆ ಅಥವಾ ಮಗಳು ಹಾಸ್ಟೆಲಿಗೆ ಹಿಂದಿರುಗಿದರೆ ಹೆಚ್ಚಬಹುದು. ಆ ಎರಡೂ ಸಂದರ್ಭಕ್ಕೆ ಏನು ಮಾಡುವುದೆಂದು ಇಬ್ಬರೂ ಸೇರಿ ಬರೆದಿದ್ದೇವೆ.”

ಬರೆದದ್ದನ್ನು ಅವರಿಗೇ ಓದಿ ಹೇಳಿ, ಸರಿಯಾ ಎಂದು ಕೇಳಬೇಕು. ತಿದ್ದುತ್ತಾರೆ. ಆ ತಿದ್ದುಪಡಿಯಲ್ಲೇ ಎಷ್ಟೋ ಸಲ ಮುಖ್ಯ ವಿಷಯ ಇರುತ್ತದೆ.

ಆಮೇಲೆ ಸುರಕ್ಷತಾ ಯೋಜನೆ, ಎಂದರೆ ಯೋಚನೆ ಬಂದಾಗ ಏನು ಮಾಡುವುದೆಂದು ಮೊದಲೇ ಬರೆದಿಡುವ ಹಾಳೆ. ಅದಕ್ಕೆ ಮನೋವಿಜ್ಞಾನಿಗಳಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಆರು ಹಂತಗಳೇ ಆಧಾರ: ಮುನ್ಸೂಚನೆಗಳು, ತಾನೇ ಮಾಡಿಕೊಳ್ಳಬಹುದಾದದ್ದು, ಮನಸ್ಸು ಬೇರೆಡೆ ತಿರುಗಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ಆಪ್ತರು, ವೃತ್ತಿಪರರು, ಸುತ್ತಲಿನ ಜಾಗವನ್ನು ಸುರಕ್ಷಿತವಾಗಿಸುವುದು. ಕೆಡುವುದು ಎಲ್ಲಿ ಎಂದರೆ, ಎರಡನೇ ಹಂತದಲ್ಲಿ ಎಲ್ಲರ ಹಾಳೆಯಲ್ಲೂ ‘ಧ್ಯಾನ, ದೇವರ ಸ್ಮರಣೆ’ ಎಂದಿರುತ್ತದೆ. ಅದು ನರ್ಸಿನ ಯೋಜನೆ, ಅವರದಲ್ಲ. ‘ದಣಪೆ (ಬೇಲಿಯ ಗೇಟು) ಹತ್ತಿರ ಹೋಗಿ ಕೂರುವುದು’, ‘ಬಲೆ ಹೆಣೆಯುವುದು’ ಎಂದು ಬಂದಾಗ ಅದು ಕೇಳಿ ಬರೆದದ್ದು ಎಂದು ತಿಳಿಯುತ್ತದೆ. ಜೋಯಿಡಾದ ಒಳಊರಿನವರಿಗೆ ನಾಲ್ಕು ಫೋನ್ ನಂಬರ್ ಬರೆದುಕೊಟ್ಟು ಪ್ರಯೋಜನವಿಲ್ಲ; ನೆಟ್‌ವರ್ಕ್ ಸಿಗುವುದೆಲ್ಲಿ, ರಾತ್ರಿ ಅಲ್ಲಿಗೆ ಹೋಗಲಾಗುತ್ತದಾ, ನಡೆದು ಹೋಗುವಷ್ಟು ಹತ್ತಿರ ಯಾರ ಮನೆಯಿದೆ ಎಂದು ಕೇಳಬೇಕು. ಓದಲು ಬಾರದವರಿಗೆ ಅವರದೇ ದನಿಯಲ್ಲಿ ಮೊಬೈಲಿಗೆ ರೆಕಾರ್ಡ್ ಮಾಡಿಕೊಡಬಹುದು. ಐದನೇ ಹಂತದಲ್ಲಿ ಟೆಲಿ ಮಾನಸ್‌ನ 14416 ಇರಲೇಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸಹಾಯವಾಣಿ ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ಕರೆ ಮಾಡಿದಾಗ ಮೊದಲು ಭಾಷೆ ಆರಿಸಬೇಕಾಗುವುದನ್ನು ತರಗತಿಯಲ್ಲಿ ಒಬ್ಬರ ಫೋನಿನಿಂದ ಸ್ಪೀಕರ್ ಹಾಕಿ ತೋರಿಸುತ್ತೇವೆ. ರೆಕಾರ್ಡ್ ಮಾಡಿದ ದನಿ ಕೇಳಿ ಫೋನ್ ಇಟ್ಟುಬಿಡುವವರು ಬಹಳ.

ಆರನೇ ಹಂತ ಕೃಷಿಕರ ಜಿಲ್ಲೆಯಲ್ಲಿ ಬಹಳ ಮುಖ್ಯ. ತೋಟದ ಔಷಧಿ ಮನೆಯ ಜಗಲಿಯಲ್ಲಿ ಇರುವುದು ಬೇಡ ಎನ್ನುವುದನ್ನು ಆದೇಶವಾಗಿ ಹೇಳಿದರೆ ‘ಆಯ್ತು’ ಎನ್ನುತ್ತಾರೆ, ಏನೂ ಬದಲಾಗುವುದಿಲ್ಲ. ಯಾರ ಹತ್ತಿರ ಇಟ್ಟರೆ ನಿಮಗೆ ಸರಿ, ಬೀಗದ ಕೈ ಯಾರಲ್ಲಿರಲಿ, ಯಾವಾಗ ವಾಪಸು ತರುವುದು ಎಂದು ಅವರನ್ನೇ ಕೇಳಿ, ಒಪ್ಪಿದರೆ ಮನೆಯವರೊಬ್ಬರನ್ನು ಕರೆದು ಅದೇ ದಿನ ಆಗುವಂತೆ ನೋಡಿಕೊಳ್ಳಬೇಕು. ಮಾತ್ರೆಗಳಿಗೂ ಇದೇ ಕ್ರಮ. ತಿಂಗಳಿನದು ಬಿಟ್ಟು ವಾರಕ್ಕೆ ಸಾಕಾಗುವಷ್ಟೇ ಕೊಡಲು ವೈದ್ಯರಿಗೆ ಹೇಳಬೇಕು.

ಬಿಡಿಸಲೇಬೇಕಾದ ಒಂದು ಅಭ್ಯಾಸ ಆಣೆ ಹಾಕಿಸುವುದು. “ಮಕ್ಕಳ ಮೇಲೆ ಆಣೆ ಮಾಡಿ, ಹೀಗೆ ಮಾಡ್ಕೊಳ್ಳೋದಿಲ್ಲ ಅಂತ.” ಇದರಿಂದ ಜೀವ ಉಳಿಯುತ್ತದೆ ಎನ್ನಲು ಆಧಾರವಿಲ್ಲ. ಮುಂದಿನ ಸಲ ಯೋಚನೆ ಬಂದಾಗ ಆಣೆ ಮುರಿದ ಅಪರಾಧವೂ ಸೇರಿ ಅವರು ನಮ್ಮಿಂದ ಮುಚ್ಚಿಡುತ್ತಾರೆ.

ವ್ಯಕ್ತಿಯ ಮಾತಿಗೆ ಬೆಲೆ ಕೊಡುವುದೆಂದರೆ ಎಲ್ಲವನ್ನೂ ಅವರಿಗೇ ಬಿಡುವುದು ಎಂದು ಕೆಲವರು ಅರ್ಥ ಮಾಡಿಕೊಳ್ಳುತ್ತಾರೆ. ನಿರ್ಧಾರ, ದಾರಿ ಎರಡೂ ಇದ್ದು ಇವತ್ತೇ ಎನ್ನುವಂತಿದ್ದರೆ ಅವರನ್ನು ಒಂಟಿಯಾಗಿ ಬಿಡಬಾರದು, ಮನೋವೈದ್ಯರಿಗೆ ಆಗಲೇ ತಿಳಿಸಬೇಕು, ಒಳರೋಗಿಯಾಗಿ ಇಟ್ಟುಕೊಳ್ಳುವ ಮಾತು ಬರುತ್ತದೆ. ಗುಟ್ಟಾಗಿಡುತ್ತೇನೆ ಎಂದು ಮೊದಲೇ ಮಾತು ಕೊಡಬೇಡಿ. “ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆಯವರಿಗೆ ಹೇಳ್ತೇನೆ, ಅದೂ ನಿಮಗೆ ಹೇಳಿಯೇ” ಎನ್ನಿ. ಪೊಲೀಸ್ ಭಯ ರೋಗಿಗೂ ಇದೆ, ಸಿಬ್ಬಂದಿಗೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಬೇರೆ ರೀತಿ ರುಜುವಾತಾಗದ ಹೊರತು, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಪ್ರಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮಿನಂಥದ್ದು ಇಲ್ಲ. ಸರ್ಕಾರಿ ನೌಕರರನ್ನು ಒತ್ತಾಯಿಸಲು ಅಥವಾ ತಡೆಯಲು ಮಾಡುವ ಪ್ರಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಚಿಕಿತ್ಸೆ ಯಾವ ಕಾಗದಕ್ಕೂ ಕಾಯಬಾರದು.

ಮನೆಗೆ ಕಳಿಸಿದ ಮೇಲಿನ ಮೊದಲ ದಿನಗಳೇ ಅಪಾಯದವು. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ (2008ರಲ್ಲಿ ಪ್ರಕಟ) ಪ್ರಯತ್ನಿಸಿ ಬಂದವರೊಂದಿಗೆ ಒಂದು ಗಂಟೆಯ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ ಇಟ್ಟುಕೊಂಡಿದ್ದರು. ಆತ್ಮಹತ್ಯೆಯಿಂದಾದ ಸಾವು ಆ ಗುಂಪಿನಲ್ಲಿ 0.2 ಪ್ರತಿಶತ, ಮಾಮೂಲು ಚಿಕಿತ್ಸೆಯ ಗುಂಪಿನಲ್ಲಿ 2.2. ನಾವು ಮೊದಲ ಕರೆಯನ್ನು 48 ಗಂಟೆಯೊಳಗೆ ಇಡಿಸುತ್ತೇವೆ. ರಿಜಿಸ್ಟರಿನಲ್ಲಿ ದಿನಾಂಕದ ಪಕ್ಕ ಕರೆ ಮಾಡುವವರ ಹೆಸರು, ಅವರು ರಜೆಯಲ್ಲಿದ್ದರೆ ಮಾಡುವವರ ಹೆಸರು, ಎರಡೂ ಬೇಕು. ಎರಡನೇ ಹೆಸರಿಲ್ಲದಿದ್ದರೆ ಕರೆ ತಪ್ಪುವುದು ಖಂಡಿತ. ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸುವ ಮುನ್ನ ಕೇಳಿ; ಅದೇ ಕೇರಿಯ ಸಂಬಂಧಿಯೇ ಆಗಿದ್ದರೆ ಬೇಡ ಎನ್ನಬಹುದು.

ಕೊನೆಗೆ ಬಹು ಆಯ್ಕೆಯ ಪರೀಕ್ಷೆ ಇಡುವುದಿಲ್ಲ. ಎರಡು ತಿಂಗಳ ನಂತರ ಪ್ರತಿಯೊಬ್ಬರಿಂದ ಹೆಸರು ತೆಗೆದ ಐದು ಟಿಪ್ಪಣಿ ತರಿಸಿ ಓದುತ್ತೇವೆ. ಬಂದವರದೇ ಮಾತು ಒಂದಾದರೂ ಉದ್ಧರಣ ಚಿಹ್ನೆಯೊಳಗೆ ಇದೆಯಾ, ಏನು ಬದಲಾದರೆ ಕೆಡಬಹುದು ಎಂದು ಬರೆದಿದೆಯಾ, ಮುಂದಿನ ಕರೆಯ ದಿನಾಂಕ ಇದೆಯಾ. ಜೊತೆಗೆ ತಿಂಗಳಿಗೊಮ್ಮೆ ಒಂದು ಗಂಟೆ ಕೂಡಿ ಮಾತಾಡುವುದು. ಅಲ್ಲಿಗೆ ವೈದ್ಯಾಧಿಕಾರಿ ಬರಲೇಬೇಕು. ಯಾರಾದರೂ ತೀರಿಕೊಂಡಾಗ ‘ಯಾರು ನೋಡಿದ್ದು’ ಎಂದು ಅವರು ಮೊದಲು ಕೇಳಿದರೆ ಮರುದಿನದಿಂದಲೇ ಸಿಬ್ಬಂದಿ ತಮ್ಮನ್ನು ಕಾಪಾಡಿಕೊಳ್ಳಲು ಟಿಕ್ ಹಾಕತೊಡಗುತ್ತಾರೆ. ಹಾಗಾಗಿ ಅಂಥ ಸಾವಿನ ನಂತರದ ಸಭೆಯನ್ನು ಹೇಗೆ ನಡೆಸಬೇಕು, ಆ ರೋಗಿಯನ್ನು ನೋಡಿದ ನರ್ಸಿಗೆ ಆ ವಾರ ರಾತ್ರಿ ಪಾಳಿ ಕೊಡಬೇಕಾ ಬೇಡವಾ ಎನ್ನುವುದನ್ನು ತರಬೇತಿಗೆ ಮುಂಚೆಯೇ ವೈದ್ಯಾಧಿಕಾರಿಯೊಂದಿಗೆ ಕೂತು ಬರೆದಿಟ್ಟುಕೊಳ್ಳುತ್ತೇವೆ.